ಅಮ್ಮನಿಗೆ ಡಯಾಲಿಸಿಸ್, ನನಗೆ ಕಾಲೇಜು. ಒಂದು ವರ್ಷ ಓದು ನಿಲ್ಲಿಸಬೇಕಾ?

ಎರಡನೇ_ಬೆಂಚು

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ, ಮನೆಗೆ ದೊಡ್ಡ ಮಗಳು. ಅಮ್ಮನಿಗೆ ಬಹಳ ವರ್ಷಗಳಿಂದ ಶುಗರ್ ಇತ್ತು. ಅದು ಕಿಡ್ನಿಗೆ ತಗುಲಿ ಈಗ ವಾರಕ್ಕೆ 3 ಸಲ ಡಯಾಲಿಸಿಸ್ ನಡೆಯುತ್ತಿದೆ. ಅಪ್ಪನದು ಪಾಳಿ ಕೆಲಸ, ರಜೆ ಹಾಕಿದರೆ ಸಂಬಳ ಕಟ್. ತಮ್ಮ ಇನ್ನೂ ಶಾಲೆಯಲ್ಲಿದ್ದಾನೆ. ಹಾಗಾಗಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಮುಗಿಯುವವರೆಗೆ ಅಲ್ಲೇ ಕೂರುವುದು, ವಾಪಸ್ ಕರೆತರುವುದು, ಮಾತ್ರೆ, ರಿಪೋರ್ಟು, ಅಡುಗೆ, ತಮ್ಮನ ಹೋಂವರ್ಕ್ ಎಲ್ಲವೂ ನನ್ನ ತಲೆ ಮೇಲೆ ಬಂದಿದೆ. ಯಾರೂ ಕೂತು ಹಂಚಿಕೊಟ್ಟದ್ದಲ್ಲ. ಬರುಬರುತ್ತಾ ಹಾಗೇ ಆಗಿಹೋಯಿತು.

ಡಯಾಲಿಸಿಸ್ ಇರುವುದು ಬೆಳಗಿನ ಹೊತ್ತು. ಆ ದಿನಗಳಲ್ಲಿ ಮೊದಲ ತರಗತಿಗಳು ಹೋದ ಹಾಗೇ, ಲ್ಯಾಬ್ ಇದ್ದರೆ ಅದೂ ಹೋಯಿತು. ಹಾಜರಾತಿ ಕಮ್ಮಿ ಇರುವವರ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ, ನನ್ನ ಹೆಸರೂ ಇದೆ. ಕ್ಲಾಸಿನಲ್ಲಿ ಕೂತಾಗಲೂ ಫೋನ್ ತೊಡೆಯ ಮೇಲೇ ಇರುತ್ತದೆ. ಅದು ಒಂದು ಸಲ ಗುಂಯ್ ಅಂದರೆ ಸಾಕು, ಆಮೇಲೆ ಬೋರ್ಡಿನ ಮೇಲೆ ಏನು ಬರೆದರೂ ತಲೆಗೆ ಹೋಗುವುದಿಲ್ಲ. ತೆಗೆದು ನೋಡಿದರೆ ತಮ್ಮ 'ಅಕ್ಕಾ, ನನ್ನ ಜಾಮಿಟ್ರಿ ಬಾಕ್ಸ್ ಎಲ್ಲಿ' ಎಂದು ಕೇಳಿರುತ್ತಾನೆ. ರಾತ್ರಿ ಎಲ್ಲ ಮುಗಿಸಿ ಪುಸ್ತಕ ತೆರೆದರೆ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತೇನೆ, ಏನೂ ನಿಲ್ಲುವುದಿಲ್ಲ.

ನೆಂಟರು 'ಒಂದು ವರ್ಷ ಕಾಲೇಜು ಬಿಡು, ಅಮ್ಮನಿಗಿಂತ ಓದು ದೊಡ್ಡದಾ' ಎನ್ನುತ್ತಾರೆ. ಅಪ್ಪ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಅಮ್ಮ 'ಇವತ್ತು ಕ್ಲಾಸ್ ಇರಲಿಲ್ವಾ' ಎಂದು ಕೇಳುತ್ತಾಳೆ, ನಾನು ಮಾತು ಬದಲಿಸುತ್ತೇನೆ. ಕಾಲೇಜಿನಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ. ಹೇಳಿದರೆ ಅಯ್ಯೋ ಪಾಪ ಅನ್ನುತ್ತಾರೆ, ಅದು ನನಗೆ ಬೇಡ.

ಒಂದು ವರ್ಷ ನಿಲ್ಲಿಸುವುದು ಸರಿಯಾ? ಮನೆಯಲ್ಲಿ ವಾಸಿಯಾಗದ ಕಾಯಿಲೆ ಇದ್ದೂ ಓದಿದವರು, ಓದುತ್ತಿರುವವರು ಹೇಗೆ ನಿಭಾಯಿಸಿದಿರಿ? ಸುಮ್ನೆ ಧೈರ್ಯ ಹೇಳುವುದಕ್ಕಿಂತ ಇದ್ದದ್ದು ಇದ್ದ ಹಾಗೆ ಹೇಳಿದರೆ ಜಾಸ್ತಿ ಉಪಕಾರ.

ಯಂತ್ರದ_ಪಕ್ಕ

ನಾನು ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ನಿಮ್ಮ ವಯಸ್ಸಿನವರನ್ನು ದಿನಾ ನೋಡುತ್ತೇನೆ, ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ, ಪುಸ್ತಕ ತೊಡೆಯ ಮೇಲೆ, ಕಣ್ಣು ಬಾಗಿಲ ಕಡೆ. ಹಾಗಾಗಿ ನೇರವಾಗಿ ಹೇಳುತ್ತೇನೆ.

ನಿಮ್ಮ ನೆಂಟರನ್ನು ಒಂದೇ ಒಂದು ಪ್ರಶ್ನೆ ಕೇಳಿ. ಒಂದು ವರ್ಷ ಆದ ಮೇಲೆ ಏನು ಬದಲಾಗುತ್ತದೆ? ಜ್ವರವಾಗಿದ್ದರೆ ಇಳಿಯುತ್ತಿತ್ತು, ಮೂಳೆ ಮುರಿದಿದ್ದರೆ ಕೂಡಿಕೊಳ್ಳುತ್ತಿತ್ತು. ಕಿಡ್ನಿ ಈ ಹಂತಕ್ಕೆ ಬಂದ ಮೇಲೆ, ಕಸಿ ಆಗದ ಹೊರತು, ಡಯಾಲಿಸಿಸ್ ನಡೆಯುತ್ತಲೇ ಇರುತ್ತದೆ. ಮುಂದಿನ ವರ್ಷವೂ ವಾರಕ್ಕೆ 3 ಸಲ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ. ಹೆದರಿಸಲು ಹೇಳುತ್ತಿಲ್ಲ. 1960ಕ್ಕೆ ಮುಂಚೆ ಎರಡೂ ಕಿಡ್ನಿ ಪೂರ್ತಿ ಹೋದವರಿಗೆ ತಿಂಗಳುಗಟ್ಟಲೆ ಡಯಾಲಿಸಿಸ್ ಮಾಡುವ ದಾರಿಯೇ ಇರಲಿಲ್ಲ, ಏಕೆಂದರೆ ಒಂದೊಂದು ಸಲವೂ ರಕ್ತನಾಳವನ್ನು ಹೊಸದಾಗಿ ಕೊಯ್ಯಬೇಕಿತ್ತು, ಕೊಯ್ದ ನಾಳ ಹಾಳಾಗುತ್ತಿತ್ತು. ಆ ವರ್ಷ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ಡಾಕ್ಟರು ತೋಳಿನಲ್ಲೇ ಉಳಿಯುವ ಒಂದು ಕೊಳವೆ ಬಳಕೆಗೆ ತಂದರು. ಅದನ್ನು ಮೊದಲು ಹಾಕಿಸಿಕೊಂಡ ಕ್ಲೈಡ್ ಶೀಲ್ಡ್ಸ್ ಆಮೇಲೆ 11 ವರ್ಷ ಬದುಕಿದರು. ಅಲ್ಲಿಂದಲೇ ಇದು ಜತೆಗಿಟ್ಟುಕೊಂಡು ವರ್ಷಗಟ್ಟಲೆ ಬದುಕುವ ಕಾಯಿಲೆ ಆಯಿತು. ಹಾಗಾದರೆ ಮನೆಯ ಏರ್ಪಾಡು ಕೂಡ ವರ್ಷಗಟ್ಟಲೆ ನಡೆಯುವಂಥದ್ದಾಗಿರಬೇಕು ಅಲ್ವಾ? ನೀವೊಬ್ಬರೇ ಎಲ್ಲ ಹೊತ್ತುಕೊಳ್ಳುವುದು ಅಷ್ಟು ದೂರ ಬರುವುದಿಲ್ಲ.

ಆ 4 ಗಂಟೆಯೂ ಅಲ್ಲೇ ಕೂರಬೇಕಾ ಎಂದು ವಿಭಾಗದವರನ್ನು ಕೇಳಿದ್ದೀರಾ? ಶುರುವಿನ ವಾರಗಳಲ್ಲಿ, ಅಥವಾ ನಡುವೆ ಬಿಪಿ ಇಳಿಯುವವರಿಗೆ, ಯಾರಾದರೂ ಜತೆಗಿರಿ ಎನ್ನುತ್ತೇವೆ. ದೇಹ ಹೊಂದಿಕೊಂಡ ಮೇಲೆ ಬಿಟ್ಟು ಹೋಗಿ ಮುಗಿಯುವ ಹೊತ್ತಿಗೆ ಬಂದರೂ ಎಷ್ಟೋ ಜನರಿಗೆ ಸಾಕಾಗುತ್ತದೆ. ನೀವೇ ಊಹೆ ಮಾಡಿಕೊಂಡು ಬಿಟ್ಟು ಹೋಗಬೇಡಿ, ಕೇಳಿ.

ಇನ್ನು ಫೋನಿನ ವಿಚಾರ. ಯಾವುದಕ್ಕೆ ಕರೆ, ಯಾವುದಕ್ಕೆ ಮೆಸೇಜು ಎಂದು ಮನೆಯವರೆಲ್ಲ ಕೂತು ತೀರ್ಮಾನ ಮಾಡಿ, ಬರೆದು ಗೋಡೆಗೆ ಅಂಟಿಸಿ. ಮಲಗಿದರೆ ಉಸಿರು ಸಿಗದಿರುವುದು, ಎದೆ ನೋವು, ಚಳಿ ನಡುಕದ ಜತೆ ಜ್ವರ, ಕೈಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಹೋಗುವುದು, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ತೋಳಿನಲ್ಲಿ ಎರಡು ರಕ್ತನಾಳ ಕೂಡಿಸಿದ ಜಾಗ) ಮಾಡಿದ ಕೈಯಿಂದ ರಕ್ತ ನಿಲ್ಲದಿರುವುದು, ಇವಕ್ಕೆ ಕರೆ. ಅದೂ ಮೊದಲು ಆಸ್ಪತ್ರೆಗೆ, ಆಮೇಲೆ ನಿಮಗೆ. ನೀವು ಕಾಲೇಜಿನಿಂದ ಓಡಿ ಬಂದು ತಲುಪುವವರೆಗೆ ಅವರು ಕಾಯಬಾರದು. ರಕ್ತ ಬಂದರೆ ಬಟ್ಟೆ ಮೇಲೆ ಬಟ್ಟೆ ಸುತ್ತುತ್ತಾ ಕೂರಬಾರದು, ರಕ್ತ ಬರುವ ಜಾಗಕ್ಕೇ ಸರಿಯಾಗಿ ಬೆರಳಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಇದು ನಿಮ್ಮ ತಮ್ಮನಿಗೂ ಗೊತ್ತಿರಲಿ. ಉಳಿದದ್ದಕ್ಕೆಲ್ಲ ಮೆಸೇಜು ಸಾಕು. ಜಾಮಿಟ್ರಿ ಬಾಕ್ಸ್ ಕೂಡ.

ಅಮ್ಮ ತಾವೇ ಮಾಡಿಕೊಳ್ಳಬಹುದಾದದ್ದೂ ಇದೆ. ಬೆಳಗ್ಗೆ ಎದ್ದ ಕೂಡಲೇ ಇನ್ನೊಂದು ಕೈಯ ಬೆರಳನ್ನು ಫಿಸ್ಟುಲಾ ಮೇಲೆ ಇಟ್ಟು ನೋಡಿದರೆ ಒಳಗೆ ಝುಂ ಎನ್ನುವ ನಡುಕ ಸಿಗಬೇಕು. ಅದು ನಿಂತಿದ್ದರೆ ಅವತ್ತೇ ಆಸ್ಪತ್ರೆಗೆ ತಿಳಿಸಬೇಕು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ಪರೀಕ್ಷೆಗೆ ರಕ್ತ ತೆಗೆಸಬಾರದು. ದಿನಾ ತೂಕ ನೋಡಿ ಬರೆದಿಡಬೇಕು. ಉಪ್ಪು ಜಾಸ್ತಿ ಆದರೆ ಬಾಯಾರಿಕೆ ಜಾಸ್ತಿ, ನೀರು ಜಾಸ್ತಿ ಹೋಗುತ್ತದೆ, ಮುಂದಿನ ಸಲ ಅಷ್ಟೂ ನೀರನ್ನು ಯಂತ್ರ ತೆಗೆಯಬೇಕು, ಆಗ ಬಿಪಿ ಇಳಿದು ಕಾಲಿನ ಸ್ನಾಯು ಹಿಡಿದು ಮನೆಗೆ ಬಂದವರು ಎದ್ದು ಕೂರಲೂ ಆಗದೆ ಮಲಗಿಬಿಡುತ್ತಾರೆ. ನಿಮ್ಮ ಮಧ್ಯಾಹ್ನದ ಕ್ಲಾಸು ಹೋಗುವುದೂ ಅಲ್ಲೇ. ತೂಕದ ಪುಸ್ತಕ ಸರಿಯಾಗಿ ಇಟ್ಟರೆ ನಿಮ್ಮ ಓದಿಗೂ ಸಮಯ ಸಿಗುತ್ತದೆ, ಇದು ಕಣ್ಣಾರೆ ಕಂಡ ಮಾತು.

ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಬಗ್ಗೆಯೂ ಡಾಕ್ಟರನ್ನು ಒಂದು ಮಾತು ಕೇಳಿ. ಅದರಲ್ಲಿ ಒಂದು ಬಗೆಯದು ರಾತ್ರಿ ಮಲಗಿದ್ದಾಗ ಯಂತ್ರದಿಂದಲೇ ಆಗುತ್ತದೆ. ಎಲ್ಲರಿಗೂ ಹೊಂದುವುದಿಲ್ಲ, ಸೋಂಕು ಆಗದ ಹಾಗೆ ಶುಚಿ ನೋಡಿಕೊಳ್ಳುವುದು ದೊಡ್ಡ ಕೆಲಸ. ಕೇಳಿ ತಿಳಿದುಕೊಂಡಿರಿ.

ಹಳೇ_ಮೇಷ್ಟ್ರು

ನಾನು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಕಾಲೇಜಿನ ಕಡೆಯ ಮಾತು ಮಾತ್ರ ಹೇಳುತ್ತೇನೆ.

ಮೊದಲು ವಿಷಯ ಹೇಳಮ್ಮಾ. ಖಾಲಿ ಜಾಗ ನೋಡಿದರೆ ಮೇಷ್ಟ್ರಿಗೆ ಡಯಾಲಿಸಿಸ್ ಕಾಣುವುದಿಲ್ಲ, ಈ ಹುಡುಗಿಗೆ ಓದುವ ಆಸೆ ಇಲ್ಲ ಎಂದಷ್ಟೇ ಕಾಣುತ್ತದೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಬೇಡ ಎಂಬ ನಿನ್ನ ಮಾತು ನನಗೆ ಅರ್ಥವಾಗುತ್ತದೆ. ಅದಕ್ಕೇ ಬಾಯಿಮಾತಿನಲ್ಲಿ ಹೇಳುವ ಬದಲು ಪತ್ರ ಬರೆ. ಕಷ್ಟ ತೋಡಿಕೊಳ್ಳುವುದು ಬೇಡ, ಹೀಗೆ ಬರೆದರೆ ಸಾಕು: 'ನನ್ನ ತಾಯಿಗೆ ದೀರ್ಘಕಾಲದ ಚಿಕಿತ್ಸೆ ನಡೆಯುತ್ತಿದೆ. ವಾರದಲ್ಲಿ ಇಂಥ 3 ದಿನ ಬೆಳಗ್ಗೆ ಇಷ್ಟು ಗಂಟೆಯವರೆಗೆ ನಾನು ಜತೆಗಿರಬೇಕಾಗುತ್ತದೆ. ಆಸ್ಪತ್ರೆ ಕೊಟ್ಟ ವೇಳಾಪಟ್ಟಿ ಲಗತ್ತಿಸಿದ್ದೇನೆ. ನನ್ನ ಲ್ಯಾಬನ್ನು ಮಧ್ಯಾಹ್ನದ ಬ್ಯಾಚಿಗೆ ಬದಲಾಯಿಸಿಕೊಡಬೇಕೆಂದು ಕೋರುತ್ತೇನೆ.' ಕಾಯಿಲೆಯ ಹೆಸರು ಬರೆಯಲೇಬೇಕೆಂದಿಲ್ಲ. ಕೊನೆಯ ಸಾಲು ಮಾತ್ರ ಇರಲೇಬೇಕು. ದಯವಿಟ್ಟು ಸಹಾಯ ಮಾಡಿ ಎಂದಷ್ಟೇ ಬರೆದರೆ ಮೇಜಿನ ಆಚೆ ಕೂತವನಿಗೆ ಏನು ಮಾಡಬೇಕು ಎಂದು ತೋಚುವುದಿಲ್ಲ, ಕನಿಕರಪಟ್ಟು ಕಳಿಸುತ್ತಾನೆ. ಇಂಥದ್ದು ಮಾಡಿಕೊಡಿ ಎಂದು ಕೇಳಿದರೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಲೇಬೇಕಾಗುತ್ತದೆ. ಪತ್ರದ ಒಂದು ಪ್ರತಿಗೆ ಆಫೀಸಿನ ಮುದ್ರೆ ಹಾಕಿಸಿಕೊಂಡು ನಿನ್ನ ಹತ್ತಿರ ಇಟ್ಟುಕೋ.

ಇದನ್ನು ಪರೀಕ್ಷೆ ಹತ್ತಿರ ಬರುವ ಮುಂಚೆಯೇ ಮಾಡು. ಹಾಲ್ ಟಿಕೆಟ್ ಕೊಡುವ ವಾರ ಬಂದು ಕಣ್ಣೀರು ಹಾಕಿದವರಿಗೆ ನಾವು ಏನೂ ಮಾಡಲಾಗದೆ ಕೂತದ್ದು ಉಂಟು, ಅಷ್ಟು ಹೊತ್ತಿಗೆ ಹಾಜರಾತಿಯ ಅಂಕಿಯೆಲ್ಲ ಮೇಲಿನವರಿಗೆ ಕಳಿಸಿ ಆಗಿರುತ್ತದೆ. ಹಾಜರಾತಿಯ ನಿಯಮದಲ್ಲಿ ವಿನಾಯಿತಿ ಇದೆಯಾ, ಎಷ್ಟು, ಯಾರು ಕೊಡಬೇಕು ಎಂದು ನಿಯಮದ ಪುಸ್ತಕ ನೋಡಿಯೇ ತಿಳಿದುಕೋ. ಸಹಪಾಠಿಗಳು ಹೇಳಿದ್ದನ್ನು ನಂಬಿಕೊಂಡು ಇರಬೇಡ. ಒಂದು ಸೆಮಿಸ್ಟರಿನಲ್ಲಿ ಎರಡು ವಿಷಯ ಕಮ್ಮಿ ತೆಗೆದುಕೊಂಡು ಮುಂದೆ ಮುಗಿಸಲು ಬಿಡುತ್ತಾರಾ ಎಂದೂ ಕೇಳು. ಪೂರ್ತಿ ಓದು, ಪೂರ್ತಿ ಬಿಡು, ಇವೆರಡರ ನಡುವೆಯೂ ಜಾಗ ಇದೆ.

ನಿನ್ನಂಥವರಿಗೆ ಕಾನೂನಿನಲ್ಲೇ ಒಂದು ಹೆಸರು ಕೊಟ್ಟ ದೇಶಗಳಿವೆ. ಇಂಗ್ಲೆಂಡಿನ 2014ರ ಕಾಯ್ದೆಯ ಪ್ರಕಾರ, ಮನೆಯವರ ಆರೈಕೆ ಮಾಡುವ 18 ವರ್ಷದೊಳಗಿನ ಮಕ್ಕಳಿಗೆ ಏನು ನೆರವು ಬೇಕು ಎಂದು ಪರಿಶೀಲಿಸುವುದು ಸ್ಥಳೀಯ ಆಡಳಿತದ ಹೊಣೆ. ಇದನ್ನು ಯಾಕೆ ಹೇಳಿದೆ ಎಂದರೆ, ನೀನು ಮಾಡುತ್ತಿರುವುದು ಕೆಲಸ. ಅದನ್ನು ಕೆಲಸ ಎಂದೇ ಕಾಲೇಜಿಗೆ ಹೇಳು.

ಓದು ತಲೆಯಲ್ಲಿ ನಿಲ್ಲುವುದಿಲ್ಲ ಎಂದೆಯಲ್ಲ, ಅದಕ್ಕೊಂದು ದಾರಿ ಇದೆ. ದಣಿದ ತಲೆಗೆ ಒಂದೇ ಪುಟ ಮತ್ತೆ ಮತ್ತೆ ಓದುವುದರಿಂದ ಪ್ರಯೋಜನ ಕಮ್ಮಿ. ಒಂದು ಸಲ ಓದು, ಪುಸ್ತಕ ಮುಚ್ಚು, ನೆನಪಿದ್ದದ್ದನ್ನು ಖಾಲಿ ಹಾಳೆಯಲ್ಲಿ ಬರೆ, ಆಮೇಲೆ ತೆರೆದು ತಾಳೆ ನೋಡು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿ ನೆನಪಿಸಿಕೊಂಡವರು ಮುಂದಿದ್ದರು. ಪರೀಕ್ಷೆ ಬರುವುದು 5 ನಿಮಿಷಕ್ಕಲ್ಲ ಅಲ್ವಾ? ಬಿಡಿಬಿಡಿಯಾಗಿ, ನಡುವೆ ದಿನ ಬಿಟ್ಟು ಓದಿದ್ದು ಒಟ್ಟಿಗೆ ಓದಿದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಸಿಗುವ ಅರ್ಧ ಅರ್ಧ ಗಂಟೆಯನ್ನು ಈ ಕೆಲಸಕ್ಕೇ ಇಟ್ಟುಕೋ. ಹೊಸ ಪಾಠ ಅಲ್ಲಿ ಹತ್ತುವುದಿಲ್ಲ, ಓದಿದ್ದನ್ನು ನೆನಪಿಸಿಕೊಂಡು ಬರೆಯಲು ಆ ಜಾಗ ಸಾಕು. ನಿದ್ದೆ ಮಾತ್ರ ಬಿಡಬೇಡ, ಹಗಲು ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ.

ರಾತ್ರಿ_ಪಾಳಿ

ಎಲ್ಲರೂ ಬಿಡಬೇಡ ಬಿಡಬೇಡ ಎನ್ನುತ್ತಿರುವಾಗ ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಾನು ಒಂದು ವರ್ಷ ಬಿಟ್ಟಿದ್ದೆ, ಮತ್ತೆ ಸೇರಿ ಮುಗಿಸಿದೆ. ಬಿಟ್ಟದ್ದಕ್ಕೆ ಬೇಸರವಿಲ್ಲ.

ಅಪ್ಪನಿಗೆ ಪಾರ್ಕಿನ್ಸನ್, ಮೈ ನಡುಗುವ, ಬಿಗಿದುಕೊಳ್ಳುವ ನರರೋಗ. ಆ ಕಾಯಿಲೆಯಲ್ಲಿ ಲೆವೊಡೋಪಾ ಮಾತ್ರೆಯನ್ನು ಹೇಳಿದ ಗಂಟೆಗೇ ಕೊಡಬೇಕು. ಸ್ವಲ್ಪ ತಡವಾದರೂ ಮೈ ಬಿಗಿದುಕೊಂಡು ಕೂತಲ್ಲೇ ಕೂತುಬಿಡುತ್ತಿದ್ದರು, ಕೈಯಲ್ಲಿ ಲೋಟ ಹಿಡಿದಿದ್ದರೆ ಅದನ್ನು ಕೆಳಗಿಡಲೂ ಆಗುತ್ತಿರಲಿಲ್ಲ. ಪ್ರೋಟೀನ್ ಜಾಸ್ತಿ ಇರುವ ಊಟದ ಜತೆ ಕೊಟ್ಟರೆ ಮಾತ್ರೆ ಸರಿಯಾಗಿ ಹಿಡಿಯದೆ ಹೋಗಬಹುದು. ಇದೆಲ್ಲ ಗೊತ್ತಾಗಿ, ಡೋಸು ಹೊಂದಿಸಿ, ಯಾವ ಹೊತ್ತಿಗೆ ಅವರು ಚೆನ್ನಾಗಿ ನಡೆಯುತ್ತಾರೆ ಯಾವ ಹೊತ್ತಿಗೆ ಆಗುವುದಿಲ್ಲ ಎಂದು ಮನೆಯವರಿಗೆಲ್ಲ ಅಂದಾಜು ಸಿಗುವುದಕ್ಕೆ ಸಮಯ ಹಿಡಿಯಿತು. ಆ ಸಮಯದಲ್ಲಿ ನಾನು ಕಾಲೇಜಿನಲ್ಲಿ ಕೂತಿದ್ದರೂ ಏನೂ ಕಲಿಯುತ್ತಿರಲಿಲ್ಲ.

ಆದರೆ ಸುಮ್ನೆ ಹೋಗುವುದು ನಿಲ್ಲಿಸಿದ್ದಲ್ಲ. ಅರ್ಜಿ ಕೊಟ್ಟು, ಸೀಟು ಉಳಿಯುತ್ತದೆ ಎಂದು ಬರವಣಿಗೆಯಲ್ಲಿ ತೆಗೆದುಕೊಂಡು, ವಾಪಸ್ ಬರುವ ತಾರೀಖು ಹಾಕಿಸಿಕೊಂಡು ಹೋದೆ. ಇದು ದೊಡ್ಡ ವ್ಯತ್ಯಾಸ. ಹೇಳದೆ ಕೇಳದೆ ನಿಂತವರ ಸೀಟು ಹೋಗುತ್ತದೆ, ಬಾಕಿ ವಿಷಯಗಳು ಏರುತ್ತವೆ, ಸಿಲಬಸ್ ಬದಲಾಗುತ್ತದೆ, ಆಮೇಲೆ ವಾಪಸ್ ಬರುವ ದಾರಿ ಸವೆದು ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಓದು ಬಿಟ್ಟು ಮನೆಯಲ್ಲಿ ಕೂತ ತಕ್ಷಣ ಎಲ್ಲರ ಲೆಕ್ಕದಲ್ಲೂ ನೀವು ಖಾಲಿ. ಅಲ್ಲಿವರೆಗೆ ಬ್ಯಾಂಕಿಗೆ ತಾನೇ ಹೋಗುತ್ತಿದ್ದ ಅಣ್ಣ ಅದನ್ನೂ ನನಗೆ ಬಿಟ್ಟ. ಕಾಯಿಲೆಯ ಕೆಲಸ ಇದ್ದಷ್ಟೇ ಇತ್ತು, ಬೇರೆ ಕೆಲಸ ಬಂದು ಸೇರಿಕೊಂಡಿತು. ಹಾಗಾಗಿ ಬಿಡುವುದೇ ಆದರೆ ಆ ವರ್ಷ ಯಾವ ಕೆಲಸಕ್ಕಾಗಿ ಎಂದು ಮೊದಲೇ ಹೇಳಿ ಬಿಡಿ.

ನಿಮ್ಮ ವಿಷಯದಲ್ಲಿ ನನಗೆ ಅನ್ನಿಸುವುದು ಇಷ್ಟು. ಕಸಿ ಆಗುವುದಿದ್ದರೆ, ಅಥವಾ ನಿಮ್ಮದೇ ಆರೋಗ್ಯ ಕೈಕೊಡುತ್ತಿದ್ದರೆ, ವರ್ಷ ಬಿಡುವುದಕ್ಕೆ ಅರ್ಥವಿದೆ. ನೆಂಟರು ಹೇಳಿದರು ಎಂಬ ಕಾರಣಕ್ಕೆ ಬೇಡ. ಹೇಳಿದವರು ವಾರದಲ್ಲಿ ಒಂದು ದಿನ ಅಮ್ಮನ ಜತೆ ಹೋಗಿ ಬರುತ್ತಾರಾ ಎಂದು ಕೇಳಿ ನೋಡಿ.

ನೀಲಿ_ಕೊಡೆ

ನಾನು ನಿನ್ನ ಅಮ್ಮನ ಕಡೆಯವಳು, ಅಂದರೆ ಕಾಯಿಲೆ ಇರುವವಳು. ನೀನು ಅಂತಲೇ ಬರೆಯುತ್ತೇನೆ, ನನ್ನ ಮಗನ ವಯಸ್ಸು ನಿನ್ನದು.

ನನಗೆ ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ಎದ್ದರೆ ಒಂದೆರಡು ಗಂಟೆ ಬೆರಳು ಮಡಚಲು ಬರುವುದಿಲ್ಲ, ಬಾಟಲಿ ಮುಚ್ಚಳ ತಿರುಗಿಸಲು ಆಗುವುದಿಲ್ಲ, ಕೂದಲು ಕಟ್ಟಿಕೊಳ್ಳಲು ಆಗುವುದಿಲ್ಲ. ಹತ್ತು ಗಂಟೆ ಮೇಲೆ ನಾನು ಬೇರೆ ಮನುಷ್ಯಳೇ. ಇದು ಮಗನಿಗೆ ಗೊತ್ತಿರಲಿಲ್ಲ. ಬೆಳಗ್ಗೆ ನನ್ನನ್ನು ನೋಡಿ ಇಡೀ ದಿನ ಹೀಗೇ ಇರುತ್ತೇನೆ ಎಂದುಕೊಂಡು ಮಧ್ಯಾಹ್ನದ ಕ್ಲಾಸನ್ನೂ ಬಿಟ್ಟು ಬರುತ್ತಿದ್ದ. ನಾನು ಬೇಡ ಎಂದರೆ ಅಮ್ಮ ಸುಮ್ನೆ ಹೇಳುತ್ತಾಳೆ ಎಂದುಕೊಳ್ಳುತ್ತಿದ್ದ.

ನಿನ್ನ ಅಮ್ಮ ಇವತ್ತು ಕ್ಲಾಸ್ ಇರಲಿಲ್ವಾ ಎಂದು ಕೇಳುತ್ತಾರಲ್ಲ, ಅವರಿಗೆ ಉತ್ತರ ಗೊತ್ತಿದೆ ಮಗಳೇ. ಗೊತ್ತಿಲ್ಲದೆ ಯಾವ ತಾಯಿಯೂ ಆ ಪ್ರಶ್ನೆ ಕೇಳುವುದಿಲ್ಲ. ಕಾಯಿಲೆ ಬಂದ ಮೇಲೆ ನನ್ನಿಂದ ಒಂದೊಂದಾಗಿ ಎಲ್ಲ ಹೋಯಿತು. ಕೆಲಸ ಹೋಯಿತು, ಓಡಾಟ ಹೋಯಿತು. ಮಗನ ಓದೂ ನನ್ನಿಂದಲೇ ಹೋಯಿತು ಎಂದಾದರೆ ಅದನ್ನು ತಡೆದುಕೊಳ್ಳುವುದು ಈ ನೋವಿಗಿಂತ ಕಷ್ಟ. ಎಲ್ಲ ತಾಯಂದಿರ ಪರವಾಗಿ ಹೇಳುತ್ತಿಲ್ಲ, ನನ್ನದು ಹೇಳುತ್ತಿದ್ದೇನೆ. ಅದಕ್ಕೇ ನಿನ್ನ ಅಮ್ಮನನ್ನೇ ಕೇಳು. ಇಲ್ಲಿಯವರೆಗೆ ನೆಂಟರು ಹೇಳಿದ್ದು ಬರೆದೆ, ಅಪ್ಪ ಸುಮ್ಮನಿರುವುದು ಬರೆದೆ. ಅಮ್ಮನಿಗೆ ಏನು ಬೇಕು ಎಂದು ಎಲ್ಲೂ ಬರೆದಿಲ್ಲ.

ಕೇಳುವಾಗ ನೀನೇನು ಮಾಡಬಲ್ಲೆ ಅಮ್ಮಾ ಎಂದೂ ಕೇಳು. ಕೂತು ಮಾಡುವ ಕೆಲಸ ಎಷ್ಟೋ ಇದೆ. ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡುವುದು, ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು, ಸಣ್ಣವನ ಪಾಠ ಒಪ್ಪಿಸಿಕೊಳ್ಳುವುದು. ನಮ್ಮ ಮನೆಯಲ್ಲಿ ಮಾತ್ರೆ ಡಬ್ಬಿ ತುಂಬುವುದು ನಾನೊಬ್ಬಳೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಯಾಕೆಂದರೆ ನಾನು ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ಸಲ, ಒಂದೇ ದಿನ. ಅದನ್ನು ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಮೂರು ಜನ ಮೂರು ಹೊತ್ತಿಗೆ ಮಾತ್ರೆ ಕೊಡುವ ಮನೆಯಲ್ಲಿ ಅಂಥ ಅಪಾಯ ಜಾಸ್ತಿ. ಮಗ ಈಗ ಮಾಡುವುದು ಬೆಳಗ್ಗೆ ಹೋಗುವ ಮುಂಚೆ ನನ್ನ ಮುಚ್ಚಳಗಳನ್ನೆಲ್ಲ ಸಡಿಲ ಮಾಡಿಟ್ಟು ಹೋಗುವುದು, ಭಾನುವಾರ ಬಟ್ಟೆ, ಡಾಕ್ಟರ ಭೇಟಿ ಇದ್ದ ದಿನ ಜತೆಗೆ ಬರುವುದು. ಅಷ್ಟೇ. ಅವನ ಪರೀಕ್ಷೆಯ ವೇಳಾಪಟ್ಟಿ ನನ್ನ ಮಂಚದ ಪಕ್ಕದ ಗೋಡೆಯ ಮೇಲಿದೆ.

ಎರಡನೇ_ಬೆಂಚು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀಲಿ_ಕೊಡೆ ಅಮ್ಮಾ, ನಿಮ್ಮದನ್ನು ಓದಿ ರಾತ್ರಿ ಅಮ್ಮನ ಪಕ್ಕ ಕೂತು ಕೇಳಿದೆ. ನೋಟಿಸ್ ಬೋರ್ಡಿನ ಪಟ್ಟಿಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು, ಗೆಳತಿಯೊಬ್ಬಳು ಮನೆಗೆ ಫೋನ್ ಮಾಡಿದ್ದಾಗ ಹೇಳಿದ್ದಳಂತೆ. ಅಮ್ಮ ಜಾಸ್ತಿ ಮಾತಾಡಲಿಲ್ಲ. 'ಬಿಡಬೇಡ. ಹೋಗುವಾಗ ಬಿಟ್ಟು ಹೋಗು, ಬರುವಾಗ ಅಪ್ಪನೋ ನೀನೋ ಬನ್ನಿ, ನಡುವೆ ನಾನು ಮಲಗಿಯೇ ಇರುತ್ತೇನಲ್ಲ' ಎಂದಳು. ಅಪ್ಪನ ಎದುರಿಗೇ ಹೇಳಿದಳು. ಅಪ್ಪ ರಾತ್ರಿ ಪಾಳಿ ಇರುವ ವಾರ ಬೆಳಗ್ಗೆ ಕೆಲಸದಿಂದ ನೇರ ಬಂದು ತಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಆಮೇಲೆ ಮಲಗುವುದು ಯಾವಾಗ ಎಂದು ಕೇಳಿದರೆ, ನೋಡೋಣ ಎಂದರು. ಅದು ನನಗೆ ಸರಿ ಕಾಣುತ್ತಿಲ್ಲ, ಅವರಿಗೂ ವಯಸ್ಸಾಗಿದೆ.

ಮೇಷ್ಟ್ರೇ, ಪತ್ರ ಬರೆದಿಟ್ಟಿದ್ದೇನೆ, ಲ್ಯಾಬ್ ಬ್ಯಾಚ್ ಬದಲಾವಣೆಯೇ ಕೇಳಿದ್ದೇನೆ.

ಇನ್ನೆರಡು ಕೇಳಬೇಕು. ಡಯಾಲಿಸಿಸ್ ಹೊತ್ತನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಬದಲಾಯಿಸಲು ಯಾರನ್ನು ಕೇಳಬೇಕು? ಮತ್ತೆ ತಮ್ಮನಿಗೆ ಎಷ್ಟು ಹೇಳಬೇಕು? ಅವನಿಗೆ ಆಸ್ಪತ್ರೆ ಎಂದರೆ ಭಯ, ಅದಕ್ಕೇ ಇದುವರೆಗೆ ದೂರ ಇಟ್ಟಿದ್ದೇವೆ.

ಗುಬ್ಬಿ_ಮರಿ

ತಮ್ಮನ ಪ್ರಶ್ನೆಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ನಾನೇ ಆ ತಮ್ಮ. ಅಕ್ಕನಿಗೆ ಚಿಕ್ಕಂದಿನಿಂದ ಟೈಪ್ 1 ಡಯಾಬಿಟಿಸ್, ಈಗ ನಾನೂ ಕಾಲೇಜಿನಲ್ಲಿದ್ದೇನೆ.

ದೂರ ಇಟ್ಟರೆ ಭಯ ಕಮ್ಮಿ ಆಗುವುದಿಲ್ಲ ಅಕ್ಕಾ. ಬಾಗಿಲು ಹಾಕಿಕೊಂಡು ಮಾತಾಡುವುದು ಕೇಳಿಸುತ್ತದೆ, ಅರ್ಧ ಕೇಳಿಸಿಕೊಂಡು ಉಳಿದರ್ಧ ನಾವೇ ಕಟ್ಟಿಕೊಳ್ಳುತ್ತೇವೆ, ಅದು ನಿಜಕ್ಕಿಂತ ಭಯಂಕರವಾಗಿರುತ್ತದೆ. ನನಗೆ ಭಯ ಹೋದದ್ದು ಒಂದು ಕೆಲಸ ಕೊಟ್ಟ ಮೇಲೆ. ಅಕ್ಕನ ಕೈ ನಡುಗಿ ಬೆವರಿದರೆ ಮೀಟರಿನಲ್ಲಿ ಶುಗರ್ ನೋಡು, 70ಕ್ಕಿಂತ ಕಮ್ಮಿ ಇದ್ದರೆ 15 ಗ್ರಾಂ ಸಕ್ಕರೆಯಷ್ಟು ಬೇಗ ಹಿಡಿಯುವ ಸಿಹಿ ಕೊಡು, 15 ನಿಮಿಷ ಬಿಟ್ಟು ಮತ್ತೆ ನೋಡು, ಇನ್ನೂ ಕಮ್ಮಿ ಇದ್ದರೆ ಮತ್ತೆ ಕೊಡು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ದೊಡ್ಡವರನ್ನು ಕರೆ, ಆಂಬುಲೆನ್ಸಿಗೆ ಫೋನ್ ಮಾಡು. ಇಷ್ಟೇ ಹೇಳಿಕೊಟ್ಟದ್ದು. ಆಮೇಲೆ ಮನೆಯಲ್ಲಿ ನಾನೂ ಒಬ್ಬ ಅನ್ನಿಸಿತು.

ನಿಮ್ಮ ಅಮ್ಮನಿಗೂ ಶುಗರ್ ಇದೆಯಲ್ಲ, ಇದನ್ನು ತಮ್ಮನಿಗೆ ಕಲಿಸಿ. ತೂಕ ಬರೆಯುವ ಪುಸ್ತಕವೂ ಅವನ ಕೈಗೆ ಕೊಡಿ. ಆದರೆ ಮಿತಿ ಇರಲಿ, ಅವನ ಆಟದ ಹೊತ್ತು ಮುಟ್ಟಬೇಡಿ. ಮತ್ತೆ ನಿಮಗೂ ಒಬ್ಬ ಗೆಳತಿ ಬೇಕು, ಫೋನ್ ಮಾಡಿ ವಿಷಯ ಹೇಳಿದವಳೇ ಆಗಬಹುದು. ಅವಳು ಚಾಡಿ ಹೇಳಿದ್ದಲ್ಲ, ನೀವು ಕಾಣದೆ ಕಳವಳಪಟ್ಟು ಕೇಳಿದ್ದಾಳೆ. ನೋಟ್ಸ್ ಅವಳ ಹತ್ತಿರವೇ ಕೇಳಿ.

ಯಂತ್ರದ_ಪಕ್ಕ

ಗುಬ್ಬಿ_ಮರಿ ಹೇಳಿದ್ದು ಸರಿ, ಅದಕ್ಕೆ ಎರಡು ಮಾತು ಸೇರಿಸಬೇಕು. ಕಿಡ್ನಿ ಕೆಲಸ ಮಾಡದಿದ್ದಾಗ ಇನ್ಸುಲಿನ್ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಹಾಗಾಗಿ ಡಯಾಲಿಸಿಸ್‌ನಲ್ಲಿರುವವರಿಗೆ ಶುಗರ್ ಇಳಿಯುವ ಅಪಾಯ ಬೇರೆಯವರಿಗಿಂತ ಜಾಸ್ತಿ, ಹಳೆಯ ಡೋಸು ಈಗ ಹೆಚ್ಚಾಗಿರಬಹುದು. ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ಇದೊಂದು ಕೇಳಿ. ಮತ್ತೆ ಶುಗರ್ ಇಳಿದಾಗ ಹಣ್ಣಿನ ರಸ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕೆಟ್ಟ ಕಿಡ್ನಿ ಅದನ್ನು ಹೊರಹಾಕುವುದಿಲ್ಲ, ಜಾಸ್ತಿ ಆದರೆ ಹೃದಯಕ್ಕೆ ಅಪಾಯ. ಗ್ಲೂಕೋಸ್ ಪುಡಿ, ಗ್ಲೂಕೋಸ್ ಮಾತ್ರೆ, ಇಲ್ಲವೇ ಸಕ್ಕರೆಯೇ ಸಾಕು.

ಹೊತ್ತು ಬದಲಾಯಿಸಲು ಡಯಾಲಿಸಿಸ್ ವಿಭಾಗದ ಇನ್‌ಚಾರ್ಜ್ ಯಾರು ಎಂದು ತಿಳಿದುಕೊಂಡು ಅವರನ್ನೇ ಕೇಳಿ, ಬೆಳಗಿನ ಗದ್ದಲದಲ್ಲಿ ಕೇಳಬೇಡಿ. ಎಲ್ಲರನ್ನೂ ಯಂತ್ರಕ್ಕೆ ಹಾಕಿ ಸ್ವಲ್ಪ ತಣ್ಣಗಾದ ಮೇಲೆ ಹೋಗಿ. ಮಧ್ಯಾಹ್ನದ ಜಾಗ ಖಾಲಿ ಇಲ್ಲ ಎನ್ನಬಹುದು. ಹಾಗಿದ್ದರೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಪ್ರತಿ ತಿಂಗಳು ನೆನಪಿಸಿ. ಮಧ್ಯಾಹ್ನದವರಲ್ಲಿ ಯಾರಿಗಾದರೂ ಬೆಳಗಿನ ಹೊತ್ತು ಬೇಕಾಗಿರುತ್ತದೆ, ಅದಲುಬದಲು ಮಾಡಿಸಿದ್ದು ಬೇಕಾದಷ್ಟಿದೆ. ಹೊರಗಿನ ಬೆಂಚಿನ ಮೇಲೆ ಕೂತವರನ್ನೂ ಕೇಳಿ ನೋಡಿ, ನಮಗಿಂತ ಮೊದಲು ಅವರಿಗೇ ಗೊತ್ತಿರುತ್ತದೆ. ಅಪ್ಪನ ನಿದ್ದೆಯ ವಿಷಯವನ್ನೂ ಇನ್‌ಚಾರ್ಜ್ ಹತ್ತಿರ ಹೇಳಿ, ರಾತ್ರಿ ಪಾಳಿ ಮುಗಿಸಿ ಬಂದವರು ರೋಗಿಯನ್ನು ಕೂರಿಸಿಕೊಂಡು ಗಾಡಿ ಓಡಿಸುವುದು ನಮಗೂ ಬೇಡ. ಆ ಒಂದು ಕಾರಣಕ್ಕೇ ಸಮಯ ಬದಲಾಯಿಸಿಕೊಟ್ಟಿದ್ದೇವೆ.